ಮುಚ್ಚಳ ಮುಚ್ಚುವುದೂ ಕಸುಬಿನ ಅಂಗ

ಸ್ಕಾಟ್ಲೆಂಡಿನ ಟೇ ನದಿಗೆ ಅನತಿದೂರದ ಊರೊಂದರಲ್ಲಿ ನೆಲಸಿರುವ ನನ್ನ ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದೆನು. ಮಧ್ಯಾಹ್ನ ನಾಲ್ಕು ಗಂಟೆಗೇ ಕತ್ತಲೆ ಕವಿಯುವ ಆ ದಿನಗಳಲ್ಲಿ, ಅಳಿಯನು ಮೇಜಿನ ದೀಪವನ್ನು ಹತ್ತಿರಕ್ಕೆ ಬಗ್ಗಿಸಿಕೊಂಡು, ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದಾದ ಗಾಳವೊಂದನ್ನು ಇಕ್ಕಳದ ಬಾಯಿಗೆ ಸಿಕ್ಕಿಸಿ, ಅದಕ್ಕೆ ರೇಷ್ಮೆಯ ಎಳೆ, ಹಕ್ಕಿಯ ಗರಿ, ಮೊಲದ ತುಪ್ಪುಳು, ಹೊಳೆಯುವ ಜರಿ ಇವುಗಳನ್ನು ಸುತ್ತಿ ಸುತ್ತಿ ಮೀನು ಹಿಡಿಯುವ ಕೃತಕ ನೊಣಗಳನ್ನು ಕಟ್ಟುತ್ತಿರಲು, ಅದನ್ನು ನೋಡುತ್ತ ಕುಳಿತಿರುವುದೇ ನನಗೆ ನಿತ್ಯದ ವಿನೋದವಾಗಿತ್ತು. ನನ್ನಂತೆಯೇ ನೋಡುತ್ತಿದ್ದ ಇನ್ನೊಂದು ಪ್ರಾಣಿಯೂ ಆ ಮನೆಯಲ್ಲಿತ್ತು. ಅದು ಬೂದುಬಣ್ಣದ ಒಂದು ಬೆಕ್ಕು.

ಈ ಕಲೆ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಮ್ಯಾಸಿಡೋನಿಯದ ಬೆಸ್ತರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಗರಿಗಳೆರಡನ್ನು ಸೇರಿಸಿ ಹೊಳೆಯ ಮೀನನ್ನು ಮರುಳುಗೊಳಿಸುತ್ತಿದ್ದರೆಂದು ರೋಮಿನ ಲೇಖಕನಾದ ಈಲಿಯನ್ನನು ಸುಮಾರು 1800 ವರ್ಷಗಳ ಹಿಂದೆಯೇ ಬರೆದಿದ್ದಾನೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಪ್ರಬಂಧವೊಂದು ಹನ್ನೆರಡು ಬಗೆಯ ನೊಣಗಳನ್ನು ವಿವರಿಸುತ್ತದೆ. ಅಳಿಯನ ಪೆಟ್ಟಿಗೆಯಲ್ಲಿ ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕುತ್ತಿಗೆಯ ಗರಿಗಳನ್ನು ಕಂಡು ನಾನು ಬೆರಗಾದೆನು. ತುದಿಯಲ್ಲಿ ಅರಗಿನ ಹನಿಯಂತೆ ಮಿನುಗುವ ಚುಕ್ಕೆಗಳುಳ್ಳ ಆ ಗರಿಗಾಗಿ ಹತ್ತೊಂಬತ್ತನೆಯ ಶತಮಾನದ ಸಾಲ್ಮನ್ ಬೇಟೆಗಾರರು ಹಾತೊರೆಯುತ್ತಿದ್ದರಂತೆ. ಈಗಿನ ಗರಿಗಳು ಅಲ್ಲಿಯೇ ಸಾಕಿದ ಹಕ್ಕಿಗಳವೆಂದು ಅಳಿಯನು ಹೇಳಿದ ಮೇಲೆ ನನ್ನ ಮನಸ್ಸಿಗೆ ಸಮಾಧಾನವಾಯಿತು.

ಒಂದು ರಾತ್ರಿ ಊಟಕ್ಕೆ ಕರೆ ಬಂದುದರಿಂದ ಮೇಜನ್ನು ಹಾಗೆಯೇ ಬಿಟ್ಟು ನಾವೆಲ್ಲರೂ ಎದ್ದೆವು. ಮರುದಿನ ಬೆಕ್ಕು ಹಾಲನ್ನು ಮೂಸಿಯೂ ನೋಡಲಿಲ್ಲ. ಎರಡು ಸಲ ವಾಂತಿಮಾಡಿ, ಮಂಚದ ಕೆಳಗೆ ಹೋಗಿ ಮುದುಡಿಕೊಂಡಿತು. ಮಗಳು ಅದನ್ನು ಮಡಿಲಿಗೆ ತೆಗೆದುಕೊಂಡು ಬಾಯಿ ತೆರೆಸಿದಾಗ, ನಾಲಿಗೆಯ ಬುಡದಲ್ಲಿ ಕೆಂಪು ರೇಷ್ಮೆಯ ಎಳೆಯೊಂದು ಬಿಗಿಯಾಗಿ ಸುತ್ತಿಕೊಂಡು ಗಂಟಲೊಳಕ್ಕೆ ಇಳಿದುಹೋಗಿದ್ದುದು ಕಾಣಿಸಿತು. ನಾನು ಏನನ್ನೂ ಯೋಚಿಸದೆ ಅದನ್ನು ಎಳೆಯಲು ಕೈಚಾಚಿದೆನು. “ಅಪ್ಪಾ, ಎಳೀಬೇಡಿ!” ಎಂದು ಮಗಳು ನನ್ನ ಕೈ ಹಿಡಿದಳು. ಅವಳು ಹಿಡಿಯದಿದ್ದಲ್ಲಿ, ಆ ಪ್ರಾಣಿಯನ್ನು ಕೊಂದ ಪಾಪಕ್ಕೆ ನಾನೇ ಗುರಿಯಾಗುತ್ತಿದ್ದೆನೆಂಬುದು ಪಶುವೈದ್ಯೆಯ ಮಾತನ್ನು ಕೇಳಿದ ಮೇಲೆ ನನಗೆ ತಿಳಿಯಿತು.

ಬೆಕ್ಕಿನ ನಾಲಿಗೆಯ ಮೇಲಿರುವ ಸೂಕ್ಷ್ಮವಾದ ಮುಳ್ಳುಗಳೆಲ್ಲವೂ ಗಂಟಲಿನ ಕಡೆಗೇ ಬಾಗಿರುತ್ತವೆ. ಆದುದರಿಂದ ಒಮ್ಮೆ ಬಾಯೊಳಗೆ ಸಿಕ್ಕಿದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ನುಂಗುವುದೊಂದೇ ಸುಲಭ. ದಾರದ ಒಂದು ತುದಿಯು ನಾಲಿಗೆಯ ಬುಡದಲ್ಲಿಯೋ ಜಠರದ ಬಾಯಲ್ಲಿಯೋ ತೊಡರಿಕೊಂಡು, ಉಳಿದ ಭಾಗವು ಕರುಳಿಗೆ ಇಳಿದರೆ, ಆಹಾರವನ್ನು ಮುಂದೊತ್ತುವ ತನ್ನ ಸಹಜವಾದ ಚಲನೆಯಿಂದಲೇ ಕರುಳು ಆ ದಾರದ ಮೇಲೆ ಏರಿ ಏರಿ ಮುದುಡುತ್ತದೆ. ನಮ್ಮ ಅಜ್ಜಿಯಂದಿರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆಯ ಸಂಚಿಯ ದಾರವನ್ನೆಳೆದರೆ ಅದರ ಬಾಯಿ ನೆರಿಗೆ ನೆರಿಗೆಯಾಗಿ ಕೂಡಿಕೊಳ್ಳುತ್ತಿದ್ದುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಬಿಗಿದ ದಾರವು ಕ್ರಮೇಣ ಗರಗಸದಂತೆ ಕರುಳಿನ ಗೋಡೆಯನ್ನು ಕೊಯ್ಯುತ್ತದೆ. ಹೊರಗಿನಿಂದ ಎಳೆದರೆ ಆ ಕೊಯ್ತವು ಕ್ಷಣಮಾತ್ರದಲ್ಲಿ ಮುಗಿದುಬಿಡುತ್ತದೆ. ನಮ್ಮ ಬೆಕ್ಕಿಗೆ ಶಸ್ತ್ರಚಿಕಿತ್ಸೆ ನಡೆದು ಅದು ಬದುಕಿತು. ಸಕಾಲದಲ್ಲಿ ಯಾರೂ ನೋಡದ ಎಷ್ಟೋ ಬೆಕ್ಕುಗಳಿಗೆ ಆ ಭಾಗ್ಯವಿರುವುದಿಲ್ಲ.

ಇಂಥ ಪ್ರಸಂಗಗಳಲ್ಲಿ ಜನರು ಮೊದಲು ಬೆಕ್ಕನ್ನು ಬೈಯುವುದುಂಟು. ಬೈಗುಳಕ್ಕೆ ಅರ್ಹವಾದುದು ಬೆಕ್ಕಲ್ಲವೆಂಬುದೇ ಇಲ್ಲಿ ನಾನು ಹೇಳಬೇಕಾಗಿರುವ ಮಾತು. ನೊಣ ಕಟ್ಟುವವನ ಸಮಸ್ತ ಕೌಶಲವೂ ಒಂದೇ ಗುರಿಯ ಕಡೆಗೆ ಹರಿಯುತ್ತದೆ: ನಿರ್ಜೀವವಾದ ಗರಿಯೂ ನೂಲೂ ಬೇಟೆಯಾಡುವ ಪ್ರಾಣಿಯೊಂದರ ಕಣ್ಣಿಗೆ ಜೀವಂತವಾಗಿ ತೋರಬೇಕು. ಆ ಕೌಶಲಕ್ಕೆ ಹೊಳೆಯಲ್ಲಿರುವ ಟ್ರೌಟ್ ಮೀನು ಸೋಲಬೇಕು, ಮನೆಯಲ್ಲಿರುವ ಬೆಕ್ಕು ಮಾತ್ರ ಸೋಲಬಾರದೆಂದು ಬಯಸುವುದು ನ್ಯಾಯವೇ? ತುಪ್ಪುಳಿನ ವಾಸನೆಗೆ ನಾಯಿ ಬರುತ್ತದೆ, ಗರಿಯ ಅಲುಗಾಟಕ್ಕೆ ಬೆಕ್ಕು ಬರುತ್ತದೆ. ಅವು ತಮ್ಮ ಸ್ವಧರ್ಮವನ್ನು ಪಾಲಿಸುತ್ತಿವೆ. ಮೇಜಿನ ಮೇಲೆ ಬೇಟೆಯನ್ನು ಸೃಷ್ಟಿಸಿಟ್ಟು ಎದ್ದುಹೋದ ಮನುಷ್ಯನು ತನ್ನದನ್ನು ಪಾಲಿಸಲಿಲ್ಲ.

ದಾರದಿಂದ ಮಾತ್ರವೇ ಅಪಾಯವೆಂದು ತಿಳಿಯಬಾರದು. ಗಾಳದ ತುದಿಯ ಎದುರುಮುಳ್ಳು ತುಟಿಗೋ ಅಂಗಾಲಿಗೋ ಚುಚ್ಚಿಕೊಂಡರೆ, ಬಂದ ದಾರಿಯಲ್ಲಿ ಹಿಂದಕ್ಕೆಳೆಯುವುದರಿಂದ ಮಾಂಸ ಹರಿಯುತ್ತದೆ. ಅದನ್ನು ನುಂಗಿದ ಪ್ರಾಣಿಗೆ ವಾಂತಿ ಮಾಡಿಸಹೊರಟರೆ ಒಳಗಿನ ಗಾಯ ಇಮ್ಮಡಿಯಾಗುತ್ತದೆ. ಲೋಹದ ಗಾಳವು ಎಕ್ಸ್-ರೇ ಚಿತ್ರದಲ್ಲಿ ಕಾಣುವುದಾದರೂ ದಾರವು ಸಾಮಾನ್ಯವಾಗಿ ಕಾಣದಿರುವುದರಿಂದ, ಏನು ಕಾಣೆಯಾಗಿದೆಯೆಂಬುದನ್ನು ವೈದ್ಯರಿಗೆ ಮನೆಯವರೇ ಹೇಳಬೇಕು. ನೊಣವು ನೀರಿನಲ್ಲಿ ಮುಳುಗಲೆಂದು ಸುತ್ತುವ ಸೀಸದ ತಂತಿಯು ವಿಷ. ಗರಿಗೆ ನುಸಿ ಹಿಡಿಯದಿರಲೆಂದು ಹಾಕುವ ನುಸಿಗುಳಿಗೆಯೂ ನಾಯಿ ಬೆಕ್ಕುಗಳಿಗೆ ವಿಷವೇ. ನೀರಹಂಸಗಳು ನುಂಗಿ ಸಾಯುತ್ತಿದ್ದುವೆಂಬ ಕಾರಣದಿಂದ ಬ್ರಿಟನ್ ದೇಶವು 1987ರಲ್ಲಿ ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳ ಮಾರಾಟವನ್ನು ಬಹುಮಟ್ಟಿಗೆ ನಿಷೇಧಿಸಿತು. ಯಾರ ಮನೆಗೂ ಸೇರದ ಹಕ್ಕಿಗಾಗಿ ಒಂದು ರಾಜ್ಯವು ಶಾಸನವನ್ನು ಮಾಡಬಲ್ಲುದಾದರೆ, ತಮ್ಮದೇ ಒಲೆಯ ಮುಂದೆ ಮಲಗುವ ಜೀವಕ್ಕಾಗಿ ಮನೆಯವರು ಒಂದು ನಿಯಮವನ್ನು ಮಾಡಿಕೊಳ್ಳಲಾರರೇ?

ನಿಯಮವೇನೂ ದೊಡ್ಡದಲ್ಲ. ಕೆಲಸ ಅರ್ಧಕ್ಕೆ ನಿಂತರೂ ಸರಿ, ಎದ್ದುಹೋಗುವ ಮುನ್ನ ಗಾಳಗಳನ್ನು ಎಣಿಸಿ, ಗರಿ ತುಪ್ಪುಳುಗಳನ್ನು ಬಿಗಿಯಾದ ಮುಚ್ಚಳವುಳ್ಳ ಡಬ್ಬಿಯಲ್ಲಿಟ್ಟು, ಕತ್ತರಿಸಿದ ನೂಲಿನ ತುಂಡುಗಳನ್ನು ಮುಚ್ಚಿದ ಕಸದ ಬುಟ್ಟಿಗೆ ಹಾಕಿ, ಬಾಗಿಲನ್ನೆಳೆದುಕೊಳ್ಳುವುದು. ನುಸಿಯ ಭಯವಿದ್ದರೆ ಗುಳಿಗೆಯ ಬದಲು ಗರಿಗಳನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಡುವುದು. ಹೀಗೆ ಕೂಡಿಟ್ಟು ತೆಗೆಯುವುದರಿಂದ ಕೆಲಸದ ಓಘ ಕೆಡುತ್ತದೆಂದು ಹೇಳುವವರಿದ್ದಾರೆ, ಆ ಮಾತು ಸುಳ್ಳೂ ಅಲ್ಲ. ಆದರೆ ಉಳಿಯನ್ನು ಒರೆಸಿಡದ ಬಡಗಿಯನ್ನೂ, ಒಲೆಯನ್ನು ಆರಿಸದೆ ಮಲಗುವ ಅಡುಗೆಯವನನ್ನೂ ನಾವು ಕಸುಬು ಬಲ್ಲವರೆನ್ನುವುದಿಲ್ಲ. ಮುಚ್ಚಳ ಮುಚ್ಚುವುದು ಕಸುಬಿನ ಹೊರಗಿನ ತೊಡಕಲ್ಲ, ಕಸುಬಿನದೇ ಕೊನೆಯ ಗಂಟು.

ಇದು ಕೇವಲ ದೂರದೇಶದ ಹವ್ಯಾಸಿಗಳ ಸಂಗತಿಯೆಂದು ನಮ್ಮ ಓದುಗರು ತಳ್ಳಿಹಾಕಬಾರದು. ನಮ್ಮ ಮನೆಗಳಲ್ಲಿ ಬೆಕ್ಕುಗಳುಂಟು, ದಾರವೂ ಉಂಟು. ಹೊಲಿಗೆಯ ಯಂತ್ರದ ಮೇಲೆ ನೂಲು ಪೋಣಿಸಿದ ಸೂಜಿ ರಾತ್ರಿಯೆಲ್ಲ ಬಿದ್ದಿರುತ್ತದೆ; ಮಲ್ಲಿಗೆ ಕಟ್ಟಿ ಉಳಿದ ದಾರವು ಜಗಲಿಯ ಮೇಲೆ ಸುರುಳಿಯಾಗಿ ಗಾಳಿಗೆ ಅಲುಗುತ್ತಿರುತ್ತದೆ; ಸೀರೆಯ ಕುಚ್ಚು ಕಟ್ಟಿದ ಮೇಲೆ ರೇಷ್ಮೆಯ ತುಂಡುಗಳನ್ನು ಗುಡಿಸುವವರು ಮರುದಿನ ಬರುತ್ತಾರೆ. ಕಾವೇರಿಯ ಕಡೆಯಲ್ಲಿ ಗಾಳ ಹಾಕಿ ಬಂದವರ ಚೀಲವು ಅಡುಗೆಮನೆಯ ಮೂಲೆಯಲ್ಲಿ ಮೀನಿನ ವಾಸನೆಯೊಂದಿಗೆ ತೆರೆದೇ ಇರುತ್ತದೆ. ಬಾಲ್ಯದಲ್ಲಿ ನಮ್ಮ ಮನೆಯ ಬೆಕ್ಕೊಂದು ಕಾರಣ ತಿಳಿಯದೆ ನಾಲ್ಕು ದಿನ ನರಳಿ ಸತ್ತುದು ನನಗೆ ಆ ಸ್ಕಾಟ್ಲೆಂಡಿನ ರಾತ್ರಿಯಲ್ಲಿ ನೆನಪಾಯಿತು. ನಮ್ಮ ತಾಯಿ ದಿನವೂ ಹೂ ಕಟ್ಟುತ್ತಿದ್ದ ಜಾಗದಲ್ಲಿಯೇ ಅದು ಮಲಗುತ್ತಿತ್ತು.

ನಾನು ಊರಿಗೆ ಹೊರಡುವ ಹಿಂದಿನ ರಾತ್ರಿ, ಹೊಟ್ಟೆಯ ಮೇಲೆ ಕೂದಲು ಇನ್ನೂ ಪೂರ್ತಿ ಬೆಳೆಯದ ಆ ಬೆಕ್ಕು ಮತ್ತೆ ಮೇಜಿನ ಪಕ್ಕದ ಕುರ್ಚಿಯನ್ನೇರಿ ಕುಳಿತು, ಗರಿಯ ಕಡೆಗೆ ಹಿಂದಿನಷ್ಟೇ ಆಸೆಯಿಂದ ನೋಡುತ್ತಿತ್ತು. ಅದು ಏನನ್ನೂ ಕಲಿತಿರಲಿಲ್ಲ, ಕಲಿಯಬೇಕಾಗಿಯೂ ಇರಲಿಲ್ಲ. ಊಟಕ್ಕೆ ಕರೆ ಬಂದಿತು. ಅಳಿಯನು ಗಾಳಗಳನ್ನು ಒಂದೊಂದಾಗಿ ಎಣಿಸಿ ಡಬ್ಬಿಗೆ ಹಾಕಿ, ಮುಚ್ಚಳವನ್ನು ಒತ್ತಿ, ಆಮೇಲೆ ದೀಪವನ್ನಾರಿಸಿದನು.