ಗಡಿ ದಾಟಿದ ಚಿಕಿತ್ಸೆ, ಊರಿನಲ್ಲೇ ದೂರು
ಕಾಸರಗೋಡು: ಕಾಲಿನ ರಕ್ತನಾಳದಲ್ಲಿ ದಿಢೀರನೆ ರಕ್ತ ಹೆಪ್ಪುಗಟ್ಟಿದರೆ ಕಾಲು ಉಳಿಸಲು ಸಿಗುವ ಸಮಯ ಸುಮಾರು 6 ಗಂಟೆ. ಜಿಲ್ಲೆಯ ಅನೇಕರು ಇಂಥ ಶಸ್ತ್ರಚಿಕಿತ್ಸೆಗೆ ಮಂಗಳೂರಿನ ಖಾಸಗಿ ಆಸ್ಪತ್ರೆಗಳನ್ನೇ ನಂಬಿದ್ದಾರೆ. ಅಲ್ಲಿ ತಡವಾಗಿ ಕಾಲು ಕತ್ತರಿಸಬೇಕಾಗಿ ಬಂದರೆ ದೂರು ಎಲ್ಲಿ?

1986ರ ಗ್ರಾಹಕ ಕಾಯ್ದೆಯಡಿ ಸಾಮಾನ್ಯವಾಗಿ ಆಸ್ಪತ್ರೆಯಿರುವ ಜಿಲ್ಲೆಗೇ ಅಲೆಯಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗಕ್ಕೇ ದೂರು ನೀಡಬಹುದು. ಅವಧಿ 2 ವರ್ಷ.

ಆದರೆ ಕಾಲು ಹೋಯಿತೆಂಬುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಲ್ಲ. ರೋಗಿ ಬಂದದ್ದು, ಕಾಲಿನ ನಾಡಿ ಪರೀಕ್ಷಿಸಿದ್ದು, ಶಸ್ತ್ರಚಿಕಿತ್ಸೆ ಆರಂಭಿಸಿದ್ದು ಎಷ್ಟು ಹೊತ್ತಿಗೆ ಎಂಬ ದಾಖಲೆಯೇ ಮುಖ್ಯ. ಕೇಳಿದ 72 ಗಂಟೆಯೊಳಗೆ ಅದನ್ನು ಕೊಡಬೇಕೆಂದು 2002ರ ವೈದ್ಯಕೀಯ ನಿಯಮ ಹೇಳುತ್ತದೆ. ಆಯೋಗ ಹತ್ತಿರವಾದರೂ ಆ ಕಾಗದವಿಲ್ಲದೆ ದೂರು ನಿಲ್ಲುವುದು ಕಷ್ಟ.