ಡೋಂಗಲ್ ಯಾರ ಜೇಬಿನಲ್ಲಿದೆ, ಅಧ್ಯಕ್ಷರೇ?

ನಮ್ಮ ಗ್ರಾಮ ಪಂಚಾಯಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ಗ್ರಾಮಸಭೆ ನಡೆಯಿತೆಂದು ಊರಿಗೆ ಗೊತ್ತಾದದ್ದು ಅದು ಮುಗಿದ ಮೇಲೆ. ಟಾಂ ಟಾಂ ಹೊಡೆಸಲಿಲ್ಲ. ನೋಟಿಸನ್ನು ಕಚೇರಿಯ ಒಳಗೋಡೆಗೆ ಅಂಟಿಸಿದ್ದರಂತೆ. ಆಮೇಲೆ ಹಾಜರಿ ಪುಸ್ತಕ ಮಾತ್ರ ಮನೆಮನೆಗೆ ಬಂತು: "ಇಲ್ಲೊಂದು ಸಹಿ ಹಾಕಣ್ಣ, ಕೋರಂ ಆಗ್ಬೇಕು." ಹಾಕಿದವರು ಬಹಳ ಮಂದಿ. ಬರದ ಸಭೆಗೆ ಬಂದೆವೆಂದು ಬರೆದುಕೊಟ್ಟರು, ನೋಡದ ಕ್ರಿಯಾ ಯೋಜನೆಗೆ ಒಪ್ಪಿಗೆಯನ್ನೂ ಕೊಟ್ಟಂತಾಯಿತು.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು, ಅದಕ್ಕೂ ಮುಂಚೆ ವಾರ್ಡ್ ಸಭೆಗಳು ಆಗಬೇಕು ಎನ್ನುತ್ತದೆ ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ. ಆ ಗ್ರಾಮಸಭೆಯ ಅಧ್ಯಕ್ಷತೆ ನಿಮ್ಮದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರದಲ್ಲ, ನೋಡಲ್ ಅಧಿಕಾರಿಯದಲ್ಲ, ನಿಮ್ಮ ಯಜಮಾನರದಂತೂ ಅಲ್ಲವೇ ಅಲ್ಲ.

ಈ ಮಾತಿನಿಂದ ನಿಮಗೆ ಮುಜುಗರವಾಗಬಹುದು. ಆದರೆ ಊರು ನಿಮ್ಮ ಯಜಮಾನರನ್ನು 'ಅಧ್ಯಕ್ಷರು' ಎಂದು, ನಿಮ್ಮನ್ನು 'ಅಧ್ಯಕ್ಷರ ಮನೆಯವರು' ಎಂದು ಕರೆಯುತ್ತಿದೆಯಲ್ಲ, ಅದಕ್ಕಿಂತ ದೊಡ್ಡ ಮುಜುಗರ ಯಾವುದು? ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದ 1983ರ ಕಾಯ್ದೆ ಹೆಣ್ಣುಮಕ್ಕಳಿಗೆ ಕಾಲು ಭಾಗ ಸ್ಥಾನ ಕೊಟ್ಟಿತ್ತು, ಇಂದು ಅದು ಅರ್ಧಕ್ಕೆ ಬಂದಿದೆ. ಕುರ್ಚಿ ಸಿಕ್ಕಿತು, ಸಹಿಯೂ ಸಿಕ್ಕಿತು. ಪಂಚಾಯಿತಿ ಖಾತೆಯಿಂದ ಬಿಲ್ಲು ಪಾಸಾಗಲು ಪಿಡಿಒ ಅವರ ಡಿಜಿಟಲ್ ಸಹಿಯ ಜತೆಗೆ ನಿಮ್ಮದೂ ಬೇಕು. ನಿಮ್ಮ ಸಹಿಯ ಆ ಡೋಂಗಲ್ ಯಾರ ಜೇಬಿನಲ್ಲಿ ಓಡಾಡುತ್ತಿದೆ ಎಂಬುದು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ನಾಳೆ ಆಡಿಟ್‌ನವರು ಆಕ್ಷೇಪ ಎತ್ತಿದರೆ ಉತ್ತರ ಕೊಡಬೇಕಾದವರು ಸಹಿಯ ಒಡತಿ, ಜೇಬಿನ ಒಡೆಯನಲ್ಲ. ಮೊದಲು ಅದನ್ನು ವಾಪಸ್ ಇಸಿದುಕೊಳ್ಳಿ.

ತಪ್ಪೆಲ್ಲ ನಿಮ್ಮದೇ ಎಂದು ನಾನು ಹೇಳುತ್ತಿಲ್ಲ. 2020ರ ಡಿಸೆಂಬರ್‌ನ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಹಲವು ಕಡೆ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ದೇವಸ್ಥಾನಕ್ಕೆ ದುಡ್ಡು ಬಂತೆಂದು ಅದಕ್ಕೆ 'ಅವಿರೋಧ ಆಯ್ಕೆ' ಎಂಬ ಮರ್ಯಾದೆಯ ಹೆಸರನ್ನೂ ಇಟ್ಟರು. ಹಣ ಕೊಟ್ಟು ಸ್ಥಾನ ಕೊಂಡವರ ಹತ್ತಿರ ಲೆಕ್ಕ ಕೇಳುವ ಬಾಯಿ ಎಲ್ಲಿಂದ ಬರಬೇಕು? ನಮ್ಮ ಊರಲ್ಲಿ ಹರಾಜು ನಡೆಯಲಿಲ್ಲ, ನಿಜ. ಆದರೆ ಗ್ರಾಮಸಭೆಗೆ ಜನ ತುಂಬುವುದು ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಓದುವ ದಿನ ಮಾತ್ರ. ತಮ್ಮ ಹೆಸರು ಬಂತೋ ಇಲ್ಲವೋ ತಿಳಿದ ಕೂಡಲೇ ಎದ್ದು ಹೊರಡುತ್ತಾರೆ. ಜಮಾ-ಖರ್ಚು ಓದುವ ಹೊತ್ತಿಗೆ ಖಾಲಿ ಕುರ್ಚಿಗಳು, ಶಾಮಿಯಾನ ಬಿಚ್ಚಲು ಕಾಯುವ ಹುಡುಗರು. ಮನೆ ಕಂದಾಯ ಬಾಕಿ ಉಳಿಸಿಕೊಂಡವರಂತೂ (ಅವರಲ್ಲಿ ದೊಡ್ಡ ಮನೆಯವರೇ ಹೆಚ್ಚು) ತಲೆ ತಗ್ಗಿಸಿ ಮೊದಲೇ ಜಾಗ ಖಾಲಿ ಮಾಡುತ್ತಾರೆ.

ಹೀಗಾಗಿಯೇ ಜಮಾಬಂದಿಯ ಮಾತು ಎತ್ತುತ್ತಿದ್ದೇನೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಪಂಚಾಯಿತಿಯ ಪುಸ್ತಕಗಳನ್ನು ಜನರ ಮುಂದೆ ತೆರೆದಿಟ್ಟು, ಕಾಮಗಾರಿಗಳನ್ನು ಸ್ಥಳಕ್ಕೇ ಹೋಗಿ ತೋರಿಸಬೇಕೆಂಬ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ಎಷ್ಟು ಒಳ್ಳೆಯ ಏರ್ಪಾಡು! ಚರಂಡಿ ಎಷ್ಟು ಮೀಟರ್ ಎಂದು ಅಳತೆ ಪುಸ್ತಕದಲ್ಲಿ ಬರೆದಿದೆ, ನೆಲದ ಮೇಲೆ ಎಷ್ಟಿದೆ, ಎರಡೂ ತಾಳೆಯಾಗುತ್ತವೆಯೇ ಎಂದು ಓದು ಬಾರದವರೂ ಹೆಜ್ಜೆ ಹಾಕಿ ನೋಡಬಹುದು. ನಮ್ಮಲ್ಲಿ ಇದು ಬಾಗಿಲು ಹಾಕಿದ ಕೋಣೆಯಲ್ಲಿ, ಬಿಸ್ಕತ್ತು-ಕಾಫಿಯೊಂದಿಗೆ ಮುಗಿಯುತ್ತದೆ.

15ನೇ ಹಣಕಾಸು ಆಯೋಗ 2021ರಿಂದ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಿಟ್ಟಿತ್ತು. ಕೆರೆ ಏರಿಯ ಪಕ್ಕದ ಕೊಳವೆ ಬಾವಿಯ ಮೋಟಾರು ಎಷ್ಟು ಸಲ ಸುಟ್ಟಿತು, ಎಷ್ಟು ಸಲ ರಿಪೇರಿ ಬಿಲ್ಲಾಯಿತು? ಎರಡೂ ಲೆಕ್ಕ ಒಂದೇ ಆಗಿದ್ದರೆ ತೋರಿಸಲು ನಿಮಗೆ ಅಡ್ಡಿಯೇನು? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕೊಟ್ಟು ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಬರಬೇಕು. ಹಾಕಿದವನು ಊರಿಗೆ ವೈರಿಯಾಗುವುದು ಮಾತ್ರ ಮರುದಿನವೇ. ಯಾರೂ ಕೇಳದಿದ್ದರೂ ಪಂಚಾಯಿತಿ ತಾನಾಗಿ ಪ್ರಕಟಿಸಬೇಕಾದ ವಿವರಗಳಿವೆ ಎಂದು 2005ರ ಆ ಕಾಯ್ದೆಯ 4ನೇ ಪ್ರಕರಣವೇ ಹೇಳುತ್ತದೆಯಲ್ಲ?

ನಾವು ಕೇಳುವುದು ದೊಡ್ಡದೇನಲ್ಲ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ವಾರ ಮೊದಲೇ ಎಲ್ಲ ಹಳ್ಳಿಗಳಲ್ಲೂ ಸಾರಿಸಿ. ಜಮಾ-ಖರ್ಚನ್ನು ಮನೆಪಟ್ಟಿಗಿಂತ ಮೊದಲು ಓದಿ, ಮೈಕು ಹಿಡಿದು ನೀವೇ ಓದಿ. ತಡವರಿಸಿದರೂ ಪರವಾಗಿಲ್ಲ, ಯಾರೂ ನಗುವುದಿಲ್ಲ. ಜಮಾಬಂದಿಯನ್ನು ಶಾಲೆಯ ಬಯಲಿನಲ್ಲಿ ಇಟ್ಟುಕೊಳ್ಳಿ. ಅಳೆಯುವ ಟೇಪನ್ನು ನಾವು ತರುತ್ತೇವೆ, ನೀವು ಅಳತೆ ಪುಸ್ತಕ ತನ್ನಿ.

ಇಂತಿ,
ಕಂದಾಯ ಬಾಕಿ ಇಲ್ಲದ ಒಬ್ಬ ಮತದಾರ