ಬದುವಿನ ಮದ್ದು ಕಿತ್ತು, ಗದ್ದೆಗೆ ವಿಷ ಸುರಿದು

ಮಲೆನಾಡಿರಲಿ, ಎಚ್.ಡಿ. ಕೋಟೆಯಿರಲಿ, ಗದ್ದೆ ಶುಂಠಿಗೆ ಗುತ್ತಿಗೆ ಹೋಯಿತೆಂದರೆ ಎಷ್ಟೋ ಕಡೆ ಮೊದಲು ಬರುವುದು ಜೆಸಿಬಿ. ಬದುವಿನ ಲಕ್ಕಿ, ಆಡುಸೋಗೆ, ಹೊಂಗೆ ಬುಡಸಮೇತ ನೆಲಕ್ಕೆ. ಮತ್ತೆ ಚಿಗುರಿದ್ದಕ್ಕೆ ಕಳೆನಾಶಕ. ಕೇಳಿದರೆ, 'ಬರೀ ಕುರುಚಲು, ಬಿಡಿ ಸ್ವಾಮಿ' ಎಂಬ ಉತ್ತರ!

ಮಳೆ ಹಿಡಿದಂತೆ ಕೊಳೆ ಶುರು. ಕೆಳಗಿನ ಎಲೆಯ ತುದಿಯಲ್ಲಿ ಕಂಡ ಹಳದಿ ಅಂಚಿನಗುಂಟ ಇಳಿಯುತ್ತದೆ. ಕಾಂಡ ಹಿಡಿದು ಮೆಲ್ಲಗೆ ಎಳೆದರೆ ಕೈಗೇ ಬರುತ್ತದೆ. ಗೆಡ್ಡೆ ಒತ್ತಿದರೆ ನೀರೊಡೆದು ನಾರುತ್ತದೆ. ಇದು ಪಿಥಿಯಂ, ನಿಂತ ನೀರಿನಲ್ಲಿ ಈಜಿ ಹರಡುವ, ಶಿಲೀಂಧ್ರದಂಥ ರೋಗಾಣು.

ಆಗ ಅಂಗಡಿಯವರು ಕೈಗಿಡುವುದೇನು? ಬಹಳ ಸಲ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ. ಅದು ಪಿಥಿಯಂಗೆ ನಾಟುವುದೇ ಇಲ್ಲ. ಕೊಲ್ಲುವುದು ಪಿಥಿಯಂನ ವೈರಿಯಾದ ಟ್ರೈಕೋಡರ್ಮಾ ಎಂಬ ಶಿಲೀಂಧ್ರವನ್ನು! ಸಾಲ ಮಾಡಿ ತಂದ ಔಷಧಿಯಿಂದ ಕಾವಲುಗಾರನನ್ನೇ ಸಾಯಿಸುವ ಈ ವ್ಯಾಪಾರಕ್ಕೆ ಉತ್ತರ ಕೊಡುವವರು ಯಾರು? ಇನ್ನು ಮೆಟಲಾಕ್ಸಿಲ್ ಎಂಬ ಮತ್ತೊಂದು ಔಷಧಿ: 1980ರಲ್ಲೇ ಯುರೋಪಿನ ಆಲೂಗಡ್ಡೆ ಹೊಲಗಳಲ್ಲಿ ಪಿಥಿಯಂನ ಹತ್ತಿರದ ಬಂಧು ಅದಕ್ಕೆ ಜಗ್ಗದೆ ನಿಂತಿತ್ತು. ಅದನ್ನೇ ಇವತ್ತೂ ಅಳತೆಯಿಲ್ಲದೆ ಬಕೆಟ್‌ಗಟ್ಟಲೆ ಬುಡಕ್ಕೆ ಸುರಿಯುತ್ತಿದ್ದೇವೆ.

ಕಿತ್ತೆಸೆದ ಆ ಬದುವಿನಲ್ಲೇ ಮದ್ದಿತ್ತು. ಬೆಳ್ಳುಳ್ಳಿ, ಬೇವು, ಲಕ್ಕಿಯಂಥ ಗಿಡಗಳ ರಸ ಮಣ್ಣಿನ ರೋಗಾಣುಗಳ ಬೆಳವಣಿಗೆ ತಡೆಯುವುದನ್ನು ಪ್ರಯೋಗಾಲಯಗಳು ಮತ್ತೆ ಮತ್ತೆ ತೋರಿಸಿವೆ. ಬೆಳ್ಳುಳ್ಳಿ ಎಸಳು ಜಜ್ಜಿದ ಕ್ಷಣ ಅದರಲ್ಲಿ ಹುಟ್ಟುವ ಅಲಿಸಿನ್ನೇ ಆ ಖಾರದ ಘಾಟು, ಅದೇ ರೋಗಾಣುವಿಗೆ ಪೆಟ್ಟು. ಹೊಲದಲ್ಲಿ ಈ ರಸಗಳು ಬೇಗ ಸತ್ವ ಕಳೆದುಕೊಳ್ಳುತ್ತವೆ, ನಿಜ. ಅವಷ್ಟೇ ಸಾಲದು: ಬಸಿಗಾಲುವೆ ಬೇಕು, ರೋಗವಿಲ್ಲದ ಬಿತ್ತನೆ ಗೆಡ್ಡೆ ಬೇಕು, ಬೇವಿನ ಹಿಂಡಿಯಲ್ಲಿ ಬೆಳೆಸಿದ ಟ್ರೈಕೋಡರ್ಮಾ ಬೇಕು. ಆದರೆ ಯಾವ ಸೊಪ್ಪು ಎಷ್ಟು, ಯಾವಾಗ ಎಂದು ನಮ್ಮ ಗದ್ದೆಗಳಲ್ಲೇ ಪರೀಕ್ಷಿಸಿ ರೈತರಿಗೆ ಹೇಳಿಕೊಡುವ ಕೆಲಸ ನಡೆಯಬೇಕಾದ ಹೊತ್ತಿನಲ್ಲಿ ನಾವು ಸೊಪ್ಪಿನ ಗಿಡವನ್ನೇ ನಿರ್ನಾಮ ಮಾಡುತ್ತಿದ್ದೇವೆ. ಇದಕ್ಕೆ ಅಭಿವೃದ್ಧಿ ಅನ್ನಬೇಡಿ. ಇದು ಲೂಟಿ.

ಗುತ್ತಿಗೆದಾರ ಮುಂದಿನ ವರ್ಷ ಬೇರೆ ಗದ್ದೆಗೆ ಹೋಗುತ್ತಾನೆ. ವರ್ಷಗಟ್ಟಲೆ ಮಣ್ಣಲ್ಲಿ ಬದುಕುವ ಪಿಥಿಯಂ ಬೀಜಕಗಳು, ಬೋಳು ಬದು, ಸತ್ತ ಮಣ್ಣು ಇಷ್ಟೂ ಗದ್ದೆಯ ಒಡೆಯನ ಪಾಲು.

ಗದ್ದೆ ಕೊಡುವವರೇ, ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ 'ಬದುವಿನ ಗಿಡ ಮುಟ್ಟಕೂಡದು' ಎಂಬ ಒಂದು ಸಾಲು ಬರೆಸಿ. ಒಪ್ಪದವನಿಗೆ ಗದ್ದೆ ಕೊಡಬೇಡಿ.